ಎರಡು ಫೋನಿನ ಎರಡು ಮೈಸೂರು

ನನ್ನ ತಂಗಿ ಮೈಸೂರಿನ ಒಂದು ಓಣಿಯಲ್ಲಿ ತಿಂಗಳುಗಟ್ಟಲೆ ನಡೆದಾಡಿದ್ದಾಳೆ. ಇಳಕಲ್ಲಿನ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು, ನನ್ನ ಫೋನಿನ ಗಾಜಿನ ಮೇಲೆ ಬೆರಳು ಸರಿಸುತ್ತ. ಶಾಲೆಯ ಗೇಟಿನಿಂದ ಹೊರಟು ಎಡಕ್ಕೆ ತಿರುಗಿದರೆ ಹಿಟ್ಟಿನ ಗಿರಣಿ, ಅದನ್ನು ದಾಟಿದರೆ ನೀಲಿ ಬಾಗಿಲಿನ ಮನೆ, ಆಮೇಲೆ ಹೊಂಗೆ ಮರ, ಮರದ ಕೆಳಗೆ ಮಲಗಿದ ಕಂದು ನಾಯಿ. ಫೋಟೋದೊಳಗಿನ ಆ ನಾಯಿ ಎಂದೂ ಏಳುತ್ತಿರಲಿಲ್ಲ. ತಂಗಿಯ ಮಗಳು ದಿನಾ ಅದಕ್ಕೆ ಕೈ ಬೀಸುತ್ತಿದ್ದಳು. ಆ ಓಣಿಗೆ ಅವರಿಬ್ಬರೂ ಹೋಗಲಿಲ್ಲ. ಹೋಗದಂತೆ ಮಾಡಿದವನು ನಾನು.

ನಾನು ಐದನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಮಗ್ಗಕ್ಕೆ ಇಳಿದವನು. ಇಳಿದವನು ಎಂದರೆ ನಿಜವಾಗಿಯೂ ಇಳಿಯುವುದೇ. ನಮ್ಮದು ಕುಣಿ ಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಬಿಟ್ಟು ಕೂತು ನೇಯಬೇಕು. ಅಪ್ಪ ಹೋದ ಮೇಲೆ ಮನೆಯಲ್ಲಿ ಅವ್ವ, ನಾನು, ತಂಗಿ. ಮಗ್ಗದವನಿಗೆ ಈಗ ಹೆಣ್ಣು ಕೊಡುವವರಿಲ್ಲ. ಒಂದೆರಡು ಕಡೆ ಕೇಳಿ ನಾವೂ ಸುಮ್ಮನಾದೆವು.

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಬೇರೆ ಊರಿನ ನೇಕಾರರು ಒಮ್ಮೆ ಉದ್ದನೆಯ ಹಾಸು ಹೂಡಿದರೆ ಸೀರೆಯ ಮೇಲೆ ಸೀರೆ ನೇಯುತ್ತ ಹೋಗುತ್ತಾರೆ. ನಮಗೆ ಹಾಗೆ ಆಗುವುದಿಲ್ಲ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಅದು ಗಂಡಸರ ದಪ್ಪ ಬೆರಳಿನ ಕೆಲಸವಲ್ಲ ಎಂದು ನಮ್ಮಲ್ಲಿ ಹೆಂಗಸರೇ ಮಾಡುತ್ತ ಬಂದಿದ್ದಾರೆ. ನಮ್ಮ ಮನೆಯಲ್ಲಿ ಅವ್ವ ಮಾಡುತ್ತಿದ್ದಳು, ಅವಳ ಕಣ್ಣು ಮಂಜಾದ ಮೇಲೆ ತಂಗಿ. ತಂಗಿಯನ್ನು ಕುಳಗೇರಿ ಕ್ರಾಸಿಗೆ ಮದುವೆ ಮಾಡಿಕೊಟ್ಟ ಮೇಲೆ ನನ್ನ ಮಗ್ಗ ನಡೆದ ದಿನಗಳಿಗಿಂತ ನಿಂತ ದಿನಗಳೇ ಹೆಚ್ಚು. ಪಕ್ಕದ ಮನೆಗಳಲ್ಲಿ ಹೋಗಿ, "ಒಂದೀಟು ಕೊಂಡಿ ಹಾಕಿ ಕೊಡ್ರಿ" ಎಂದು ಕಾಯಬೇಕಾಗುತ್ತಿತ್ತು. ಅವರಿಗೂ ತಮ್ಮ ಮಗ್ಗ ಇರುತ್ತದಲ್ಲ.

ಆಮೇಲೆ ತಂಗಿ ತಿರುಗಿ ಬಂದಳು. ಕೂಸಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿದ ಮೇಲೆ ಗಂಡನ ಮನೆಯಲ್ಲಿ "ಮೂಗಿನ್ನ ಹಡದಾಳ" ಎನ್ನುವ ಮಾತು ದಿನದ ಮಾತಾಯಿತಂತೆ. ಒಂದು ಮುಂಜಾನೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿನಿಂದ ಇಳಿದಳು. ಓಣಿಯವರೆಲ್ಲ ಮರುಗಿದರು. ನಾನೂ ಮರುಗಿದೆ. ಆದರೆ ಆ ವಾರವೇ ಅವಳು ಮಗ್ಗದ ಮುಂದೆ ಕೂತು ಕೊಂಡಿ ಹಾಕಲು ಶುರು ಮಾಡಿದಾಗ ನನ್ನ ಮನಸ್ಸು ಹಗುರವಾಯಿತು. ಈ ಹಗುರವಾದದ್ದನ್ನು ಮೊದಲೇ ಹೇಳಿಬಿಡಬೇಕು. ಮುಂದಿನದೆಲ್ಲ ಅದರಿಂದಲೇ ಆದದ್ದು.

ಕೂಸು ಬಹಳ ಚುರುಕು. ನಾನು ನೇಯುವಾಗ ಮಗ್ಗದ ಕಂಬಕ್ಕೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಎಳೆ ಕೂಡಿಸಲು ನಾನು ಹಲಗೆ ಬಡಿದಾಗಲೆಲ್ಲ ಅವಳ ಕಣ್ಣು ಅರಳುತ್ತಿತ್ತು. ಮಗ್ಗದ ಪಕ್ಕದ ನೆಲದ ಮೇಲೆಯೇ ಮಲಗುವಳು. ನಾನು ಬಡಿಯುತ್ತಿರುವಷ್ಟು ಹೊತ್ತೂ ನಿದ್ದೆ. ಬೀಡಿಗೆಂದು ಕೈ ನಿಲ್ಲಿಸಿದರೆ ಎದ್ದು ಕೂತು, ಯಾಕೆ ನಿಲ್ಲಿಸಿದೆ ಎನ್ನುವ ಹಾಗೆ ನನ್ನ ಮುಖ ನೋಡುವಳು.

"ಮಾವನ ಮಗ್ಗ ಒಂದ ಕೇಳಸತೈತಿ ನೋಡು ಈಕಿಗೆ," ಎಂದು ಅವ್ವ ನಗುತ್ತಿದ್ದಳು.

ಕೂಸಿಗೆ ಎರಡು ತುಂಬಿದಾಗ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆವು. ಕಿವಿ ಪರೀಕ್ಷೆ ಮಾಡಿದ ಹೆಣ್ಣುಮಗಳು ತಿಳಿಸಿ ಹೇಳಿದಳು. ಮೈಸೂರಿನಲ್ಲಿ ಇಂಥ ಮಕ್ಕಳಿಗೆಂದೇ ಒಂದು ಶಾಲೆ ಇದೆ. ಅಲ್ಲಿ ಮಗುವಿನ ಜೊತೆ ತಾಯಿಯೂ ದಿನಾ ತರಗತಿಯಲ್ಲಿ ಕೂತು, ಮಾತು ಕಲಿಸುವುದನ್ನು ತಾನೂ ಕಲಿಯಬೇಕು. ಅದಕ್ಕಾಗಿ ಅದೇ ಊರಲ್ಲಿ ಮನೆ ಮಾಡಿಕೊಂಡು ಕೆಲವು ವರ್ಷ ಇರಬೇಕು. ಕಿವಿಗೆ ಯಂತ್ರ ಹಾಕಿ ಸಣ್ಣ ವಯಸ್ಸಿನಲ್ಲೇ ಶುರು ಮಾಡಿದರೆ ಮಾತು ಬರುವ ಸಂಭವ ಹೆಚ್ಚು.

"ತಡ ಮಾಡಬೇಡಿ ಅಮ್ಮಾ," ಎಂದಳು ಕೊನೆಗೆ. "ದೊಡ್ಡವಳಾದಷ್ಟೂ ಕಷ್ಟ."

ತಿರುಗಿ ಬರುವಾಗ ಬಸ್ಸು ಹುನಗುಂದದ ನಿಲ್ದಾಣದಲ್ಲಿ ನಿಂತಿತು. ತಂಗಿ ನನ್ನ ಕಡೆ ಕೈ ಚಾಚಿದಳು.

"ಫೋನ್ ಕೊಡು."

"ಯಾರಿಗೆ ಹಚ್ತಿ?"

"ಯಾರಿಗೂ ಇಲ್ಲ. ಮೈಸೂರು ನೋಡ್ತೇನಿ."

ಅವತ್ತಿನಿಂದ ನೋಡುವುದು ಶುರುವಾಯಿತು. ಮನೆಯಲ್ಲಿ ಇದ್ದದ್ದು ಒಂದೇ ಫೋನು, ನನ್ನದು. ಸಂಜೆ ಕೆಲಸ ಮುಗಿದ ಮೇಲೆ ಅವಳು ಅದನ್ನು ಹಿಡಿದು ಹೊಸ್ತಿಲಲ್ಲಿ ಕೂಡುತ್ತಿದ್ದಳು. ಮೊದಲು ಬರೀ ಅರಮನೆಯ ದೀಪ ಬಂತು. ಎಷ್ಟು ಸಲ ಕೇಳಿದರೂ ದೀಪವೇ.

"ಇಷ್ಟ ಮಂದಿ ಅರಮನಿ ತೋರಸ್ತಾರ, ಬಾಡಗಿ ಮನಿ ಒಬ್ಬರೂ ತೋರಸೂದಿಲ್ಲಲ್ಲ," ಎಂದು ಅವಳು ಬೈದಳು. ಆಮೇಲೆ ಅದು ಹೇಗೋ ಫೋನಿನೊಳಗೆ ಓಣಿಗಳಲ್ಲೇ ನಡೆಯಬಹುದು ಎಂದು ಕಂಡುಕೊಂಡಳು. ಶಾಲೆಯ ಗೇಟು ಸಿಕ್ಕಿತು. ಗೇಟಿನಿಂದ ಗಿರಣಿ, ಗಿರಣಿಯಿಂದ ನೀಲಿ ಬಾಗಿಲು.

ಅವ್ವನಿಗೆ ಮೈಸೂರು ಎಂದರೆ ಊಟದ ಚಿಂತೆ.

"ಅಲ್ಲೀ ಮಂದಿ ಮುಂಜಾನೆ ಎದ್ದಕೂಡ್ಲೇ ಅನ್ನ ತಿಂತಾರಂತಲ್ಲ. ಮನಷ್ಯಾರೋ, ಹಕ್ಕಿಗೋಳೋ?"

"ಗಿರಣಿ ಐತಿ ನೋಡಿಲ್ಲೆ. ಜ್ವಾಳ ಬೀಸಿಸಿಕೊಂಡ್ರಾತು."

"ಗಿರಣಿ ಐತಿ, ಜ್ವಾಳ ಯಾರ ಕೊಡ್ತಾರ?"

"ನೀ ಕೊಟ್ಟ ಕಳಸು, ಚೀಲ ತುಂಬಿ."

"ಅವರ ಮಾತರೆ ಏನ, ಪುಸ್ತಕ ಓದಿದಂಗ. ಈಕಿಗೆ ಮಾತ ಬಂದ್ರ ಈಕೀನೂ ನನಗ 'ಬನ್ನಿ, ಕೂತುಕೊಳ್ಳಿ' ಅಂತಾಳ ನೋಡು."

ತಂಗಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, "ಏನರ ಅನ್ಲಿ ಬಿಡವಾ. ಅಂದ್ರ ಸಾಕು," ಎಂದಳು.

ಅವಳು ಹುಡುಕಿದ ರೀತಿ ನೆನೆದರೆ ಈಗಲೂ ಸಂಕಟವಾಗುತ್ತದೆ. ಇಳಕಲ್ಲಿನಿಂದ ಹೊರಡುವ ಬಸ್ಸು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಗೇಟಿನ ಹತ್ತಿರ ನೀರಿನ ನಲ್ಲಿ ಇದೆಯೇ, ಮಳೆ ಎಷ್ಟು, ಛತ್ರಿ ಬೇಕೇ, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊಲಿಗೆ ಕೆಲಸ ಸಿಗುತ್ತದೆಯೇ. ನಾನು ಕುಣಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಮೊದಮೊದಲು ಇದು ಆಟ ಅಂದುಕೊಂಡಿದ್ದೆ. ಒಂದು ದಿನ ಅವಳು ಅಟ್ಟದ ಮೇಲಿನ ದೊಡ್ಡ ಚೀಲವನ್ನು ಇಳಿಸಿ, ಒದರಿ, ಬಿಸಿಲಿಗೆ ಹಾಕಿದಳು.

"ದೀಪಾವಳಿ ಮುಗದ ಮ್ಯಾಲ ಹೋಗ್ತೇನಿ, ಯಣ್ಣಾ. ನೀ ಒಮ್ಮೆ ಬಂದು ಬಿಟ್ಟ ಬಾ."

"ಹೂಂ," ಎಂದೆ.

ಮರುದಿನ ಅವಳು ಕೂಸನ್ನು ಕರೆದುಕೊಂಡು ಸಂತೆಗೆ ಹೋಗಿದ್ದಳು. ಅವ್ವ ಹಿತ್ತಿಲಲ್ಲಿದ್ದಳು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದೆ. ನನಗೆ ಅಕ್ಷರ ಒತ್ತುವುದು ನಿಧಾನ, ಅದಕ್ಕೆ ಮಾತಿನಲ್ಲೇ ಕೇಳುತ್ತಿದ್ದೆ. ಏನು ಕೇಳಿದೆ ಎಂಬುದನ್ನು ಮುಂದೆ ಬರೆಯುತ್ತೇನೆ. ಮೈಸೂರಿನ ಬಗ್ಗೆ ಕೆಟ್ಟದ್ದನ್ನು ಕೇಳಿದೆ, ಅಷ್ಟು ಸಾಕು ಈಗ.

ಯಾವ ಊರಿನ ಬಗ್ಗೆ ಕೆಟ್ಟದ್ದನ್ನು ಕೇಳಿದರೂ ಫೋನಿನಲ್ಲಿ ಸಿಗುತ್ತದೆ, ನಮ್ಮ ಇಳಕಲ್ಲಿನದೂ ಸಿಕ್ಕೀತು. ಕಳ್ಳತನ, ಚೂರಿ, ಅತ್ತ ಮುಖಗಳು, ಕೆಂಪು ಅಕ್ಷರದಲ್ಲಿ ಕಿರುಚುವ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಅರ್ಧದಷ್ಟು ಮೈಸೂರಿನವೇ ಅಲ್ಲ, ಬೇರೆ ಯಾವುದೋ ಊರಿನವು. ಯಾವುದನ್ನು ಕೊನೆಯವರೆಗೆ ನೋಡುತ್ತೇವೋ ಅಂಥದ್ದನ್ನೇ ಫೋನು ಮತ್ತೆ ಮತ್ತೆ ತರುತ್ತದೆ ಎಂದು ಚಹಾದ ಅಂಗಡಿಯಲ್ಲಿ ಯಾರೋ ಹೇಳಿದ್ದರು. ಅದಕ್ಕೇ ಎಲ್ಲವನ್ನೂ ಕೊನೆಯವರೆಗೆ ನೋಡಿದೆ. ಮರುದಿನವೂ ನೋಡಿದೆ. ಅದರ ಮರುದಿನ ಕೇಳುವ ಅಗತ್ಯವೇ ಬೀಳಲಿಲ್ಲ. ಫೋನು ತೆರೆದರೆ ಅದೇ ಮೊದಲು ಬಂತು.

ಆಮೇಲೆ ಎಂದಿನಂತೆ ಸಂಜೆ ಫೋನನ್ನು ಕಿಟಕಿಯಲ್ಲಿಟ್ಟು ಕೈಕಾಲು ತೊಳೆಯಲು ಹೋದೆ.

ನಾನು ಒಂದೂ ಸುಳ್ಳು ಹೇಳಲಿಲ್ಲ. ಬಹಳ ಕಾಲ ಈ ಮಾತನ್ನೇ ಹಿಡಿದುಕೊಂಡು ಊಟ ಮಾಡಿದೆ, ನಿದ್ದೆ ಮಾಡಿದೆ.

ತಂಗಿ ಒಂದೊಂದಾಗಿ ನೋಡಿದಳು. ಒಂದು ಸಂಜೆ ಫೋನಿನ ಆ ಓಣಿಗೆ ಹೋಗಲೇ ಇಲ್ಲ. ಕೂಸು ನಾಯಿಯನ್ನು ತೋರಿಸು ಎಂದು ಗಾಜಿನ ಮೇಲೆ ಬಡಿದರೂ ತೋರಿಸಲಿಲ್ಲ. ಕೊಂಡಿ ಹಾಕುತ್ತ ಕೂತಾಗ ತಲೆ ಎತ್ತದೆ ಕೇಳಿದಳು:

"ಯಣ್ಣಾ, ಮೈಸೂರು ನಾ ತಿಳದಂಗ ಇಲ್ಲಲ್ಲೋ?"

"ನಾ ಏನ ಹೇಳ್ಲೆವಾ. ನೀನ ನೋಡಾಕತ್ತೀಯಲ್ಲ."

"ಒಬ್ಬಾಕಿ ಹೆಂಗ ಇರ್ಲಿ? ನೀನೂ ಬಾ. ಒಂದ ಆರ ತಿಂಗಳು. ಆಮ್ಯಾಲ ರೂಢಿ ಆಗತೈತಿ."

"ಮಗ್ಗ? ಅವ್ವ?"

ಅವಳು ಎಳೆಯ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಕೊಂಡಿ ಬಿಗಿದಳು. ಮತ್ತೆ ಕೇಳಲಿಲ್ಲ. ದೀಪಾವಳಿ ಬಂದು ಹೋಯಿತು. ದೊಡ್ಡ ಚೀಲ ಅಟ್ಟಕ್ಕೆ ಹೋಯಿತು.

ಆ ಚಳಿಗಾಲದಲ್ಲಿ ಅವ್ವ ಕೂಸಿಗಾಗಿ ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಳು. ಒಂದು ಶನಿವಾರ ಎಲ್ಲರೂ ಹೋದೆವು. ಮಂಗಳಾರತಿಯ ಹೊತ್ತಿಗೆ ಗಂಟೆಗಳು ಒಟ್ಟಿಗೆ ಮೊಳಗತೊಡಗಿದವು. ಕೂಸು ಎಲ್ಲರ ಮುಖ ನೋಡಿತು. ಆಮೇಲೆ ಹತ್ತಿರದ ಕಂಬಕ್ಕೆ ಅಂಗೈ ಒತ್ತಿ, ಮಗ್ಗದ ಕಂಬ ಹಿಡಿದಾಗ ನಗುವಂತೆಯೇ ನಕ್ಕಿತು.

"ಕೇಳಸ್ತು! ಹನುಮಪ್ಪ ಕೇಳಿಸಿದ ನೋಡ್ರೆವಾ!" ಎಂದು ಅವ್ವ ಅಳುತ್ತ ಅಲ್ಲೇ ಕೂತುಬಿಟ್ಟಳು.

ತಂಗಿ ನನ್ನ ಮುಖ ನೋಡಿದಳು. ಅದು ಕೇಳಿಸಿದ್ದಲ್ಲ, ಅಂಗೈಗೆ ತಿಳಿದದ್ದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಮಾತ್ರ, "ನೋಡು, ಇಲ್ಲೇ ಇದ್ರೂ ದಾರಿ ಆಗತೈತಿ," ಎಂದೆ. ದೇವರ ಮುಂದೆ ನಿಂತು ಹಾಗೆ ಅಂದೆ.

ಕೂಸಿಗೆ ಮೂರಾಯಿತು, ನಾಲ್ಕಾಯಿತು. ದವಾಖಾನೆಯವರು ಕೊಟ್ಟ ಕಿವಿಯ ಯಂತ್ರ ಹಾಕಿದರೆ ಕಿತ್ತೆಸೆಯುತ್ತಿದ್ದಳು. ಅದರೊಂದಿಗೆ ಏನು ಮಾಡಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಲಿಸುವ ಜಾಗವೇ ಆ ಶಾಲೆಯಾಗಿತ್ತು. ನನ್ನ ಮಗ್ಗ ನಡೆದೇ ಇತ್ತು. ಸೀರೆಯ ಮೇಲೆ ಸೀರೆ ಇಳಿಸಿದೆ. ಅಂಗಡಿಯವರು ಸೆರಗಿನ ಜೋಡಣೆಯನ್ನು ಬೆಳಕಿಗೆ ಹಿಡಿದು, "ಯಾರ ಕೈ ಇದು?" ಎಂದು ಕೇಳಿದರೆ "ತಂಗೀದು" ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ.

ಕೂಸು ಆರಕ್ಕೆ ಬಿದ್ದ ವರ್ಷ ತಂಗಿಗೆ ಅವಳದೇ ಒಂದು ಫೋನು ಬಂತು. ಓಣಿಯ ಹೆಂಗಸರ ಸಂಘದ ಕೆಲಸಕ್ಕೆ ಬೇಕಾಗಿತ್ತು. ಒಂದೆರಡು ದಿನ ಅದನ್ನು ಒತ್ತಿ ನೋಡಿದಳು. ಒಂದು ಮಧ್ಯಾಹ್ನ ನಾನು ಕುಣಿಯಿಂದ ಮೇಲೇಳುವ ಹೊತ್ತಿಗೆ ಕಿಟಕಿಯಲ್ಲಿದ್ದ ನನ್ನ ಫೋನನ್ನೂ ತಂದು, ತನ್ನದನ್ನೂ ತಂದು, ಎರಡನ್ನೂ ಕುಣಿಯ ಅಂಚಿನಲ್ಲಿ ಪಕ್ಕಪಕ್ಕ ಇಟ್ಟಳು. ನನ್ನ ಫೋನಿಗೆ "ಮೈಸೂರು" ಎಂದಳು. ತನ್ನದಕ್ಕೂ "ಮೈಸೂರು" ಎಂದಳು. ಅಷ್ಟೇ, ಒಂದೇ ಶಬ್ದ.

ನನ್ನದರಲ್ಲಿ ಪೊಲೀಸ್ ಜೀಪು ಬಂತು, ಅಳುವ ಹೆಂಗಸು ಬಂದಳು. ಅವಳದರಲ್ಲಿ ಮೊದಲು ಅರಮನೆಯ ದೀಪ. ಕೆಳಗೆ ಸರಿಸಿದರೆ ಕೆರೆಯ ದಂಡೆಯಲ್ಲಿ ನಡೆಯುವ ಮುದುಕರು, ಸಿಟಿ ಬಸ್ಸು, ಹೂವಿನ ಮಾರುಕಟ್ಟೆ. ಇನ್ನೂ ಕೆಳಗೆ, ಒಂದು ಕೋಣೆಯ ನೆಲದ ಮೇಲೆ ತಾಯಂದಿರು ಸಾಲಾಗಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಒಂದು ಕೂಸು ಚೆಂಡನ್ನು ಹಿಡಿದು, ತುಟಿ ಕೂಡಿಸಿ, ಏನೋ ಅಂದಿತು. ಏನೆಂದು ಸ್ಪಷ್ಟವಾಗಲಿಲ್ಲ. ತಾಯಂದಿರೆಲ್ಲ ಚಪ್ಪಾಳೆ ತಟ್ಟಿದರು.

"ಯಣ್ಣಾ," ಎಂದಳು ತಂಗಿ. "ಎರಡ ಮೈಸೂರು ಅದಾವೇನ?"

"ನಂದು ಹಳೇ ಫೋನು. ಕೆಟ್ಟಿರಬೇಕು."

ಇದು ನಾನು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು. ಅವಳು ನಂಬಿದಳೋ ಇಲ್ಲವೋ, ತನ್ನ ಫೋನು ತೆಗೆದುಕೊಂಡು ಹೊಸ್ತಿಲಿಗೆ ಹೋದಳು. ನೀಲಿ ಬಾಗಿಲಿಗೆ ಈಗ ಹಸಿರು ಬಣ್ಣ ಬಳಿದಿದ್ದರಂತೆ. ಹೊಂಗೆ ಮರ ಇತ್ತು. ನಾಯಿ ಇರಲಿಲ್ಲ.

ಆಮೇಲೆ ನನಗೆ ಅನ್ನ ಸೇರಲಿಲ್ಲ. ಹಲಗೆ ಬಡಿದಾಗಲೆಲ್ಲ ಆ ಚಪ್ಪಾಳೆ ನೆನಪಾಗುತ್ತಿತ್ತು. ವಾರ ಕಳೆದಿರಬೇಕು, ಹೊಸ ಸೀರೆಗೆ ಅವಳು ಕೊಂಡಿ ಹಾಕುತ್ತಿದ್ದಳು, ಎದುರಿಗೆ ನಾನು ಹಾಸು ಬಿಗಿ ಹಿಡಿದು ಕೂತಿದ್ದೆ. ಅರ್ಧ ಅಗಲದವರೆಗೆ ಬಂದಿದ್ದಳು. ಅವಳ ಕೈ ಎಳೆಗಳಲ್ಲಿ ಸಿಕ್ಕಿಕೊಂಡಿದ್ದಾಗಲೇ, ಫೋನಿನಲ್ಲಿ ನಾನು ಮಾಡಿದ್ದನ್ನು ಹೇಳಿಬಿಟ್ಟೆ. ಬಹುಶಃ ಎದ್ದು ಹೋಗಲಾರಳು ಎಂಬ ಧೈರ್ಯವೂ ಅದರಲ್ಲಿತ್ತು.

ಪೂರ್ತಿ ಕೇಳಿದಳು.

"ಏನಂತ ಕೇಳಿದ್ದಿ ಫೋನಿಗೆ? ಆ ಮಾತ ಹೇಳು."

"ಬಿಡ ತಂಗೀ…"

"ಹೇಳು. ಹೆಂಗ ಕೇಳಿದ್ದೀ ಹಂಗ ಹೇಳು."

ಹೇಳಿದೆ. "ಮೈಸೂರಿನಾಗ ಗಂಡ ಬಿಟ್ಟಾಕಿ ಒಬ್ಬಾಕಿ ಇದ್ರ ಏನೇನ ಕೆಟ್ಟ ಆಗತೈತಿ."

'ಗಂಡ ಬಿಟ್ಟಾಕಿ' ಎಂಬುದು ಓಣಿಯ ಜನ ಬೆನ್ನ ಹಿಂದೆ ಅವಳಿಗೆ ಅನ್ನುತ್ತಿದ್ದ ಮಾತು. ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆಡಿದವರ ಜೊತೆ ನಾನೇ ಒಮ್ಮೆ ಜಗಳ ತೆಗೆದಿದ್ದೆ.

ಅವಳ ಬೆರಳು ಒಂದು ಗಳಿಗೆ ನಿಂತಿತು. ಮತ್ತೆ ಹೊರಟಿತು.

"ನನಗರೆ ಅಂದಿದ್ರ ಆಗತಿತ್ತಲ್ಲೋ," ಎಂದಳು. "ಹೋಗಬ್ಯಾಡ, ಮಗ್ಗ ನಿಲ್ಲತೈತಿ ಅಂತ. ನಾ ನಿನ್ನ ಕೂಡ ಜಗಳ ಆಡತಿದ್ನಿ. ಬೈದಾಡಿ ಹೋಗತಿದ್ನಿ. ನಿನ್ನ ಕೂಡ ಜಗಳ ಆಡಾಕ ನನಗೇನ ಅಂಜಿಕಿ? ನೀ ಊರ ಕೆಟ್ಟೈತಿ ಅಂತ ತೋರಿಸಿದಿ. ಊರ ಕೂಡ ಹೆಂಗ ಜಗಳ ಆಡ್ಲಿ?"

ಕೂಸು ಒಳಗೆ ಬಂದು ಕಂಬಕ್ಕೆ ಕೈ ಒತ್ತಿ ನಿಂತಿತು. ಮಗ್ಗ ನಡೆಯುತ್ತಿರಲಿಲ್ಲವಾದ್ದರಿಂದ ಹೊರಗೆ ಓಡಿತು. ಕೊನೆಯ ಎಳೆಯವರೆಗೆ ಅವಳು ಕೊಂಡಿ ಹಾಕಿ, ಎಂದಿನಂತೆ ಅಂಗೈಯಿಂದ ಒಮ್ಮೆ ನೇವರಿಸಿ ಎದ್ದಳು. ನಡುವೆ ಬಿಟ್ಟು ಹೋಗಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

ಮೈಸೂರಿನ ಶಾಲೆಗೆ ಕೂಸಿನ ವಯಸ್ಸು ಮೀರಿತ್ತು. ಒಂದು ತಿಂಗಳೊಳಗೆ ತಂಗಿ ಬಾಗಲಕೋಟೆಗೆ ಹೋದಳು. ಅಲ್ಲಿ ಕಿವಿ ಕೇಳದ ದೊಡ್ಡ ಮಕ್ಕಳಿಗೆ ಕೈಸನ್ನೆಯಲ್ಲಿ ಕಲಿಸುವ ಒಂದು ಶಾಲೆ ಇರುವುದನ್ನು ತನ್ನ ಫೋನಿನಲ್ಲಿ ತಾನೇ ಹುಡುಕಿದ್ದಳು. ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದಾಳೆ, ಬಟ್ಟೆ ಹೊಲಿಯುತ್ತಾಳೆ. ಹೊರಡುವ ದಿನ ದೊಡ್ಡ ಚೀಲವನ್ನು ನಾನು ಎತ್ತಲು ಹೋದೆ. "ಇರ್ಲಿ ಬಿಡು," ಎಂದು ತಾನೇ ಹೊತ್ತಳು.

ನಾನು ತಡವಾಗಿ ಕೊಂಡಿ ಹಾಕಲು ಕಲಿತೆ. ಅವ್ವ ಪಕ್ಕದಲ್ಲಿ ಕೂತು ಕಣ್ಣಿಲ್ಲದೆ ಬೆರಳಿನಿಂದಲೇ ಮುಟ್ಟಿ ನೋಡಿ, "ಸಡಲ ಆತು, ಬಿಚ್ಚು" ಎನ್ನುತ್ತಾಳೆ. ದಪ್ಪ ಬೆರಳಿಗೂ ಬರುತ್ತದೆ. ಕಲಿಯಬೇಕು ಎನ್ನಿಸಿದ್ದರೆ ಅಂದೇ ಬರುತ್ತಿತ್ತು. ತಂಗಿ ಕೊನೆಗೆ ಜೋಡಿಸಿಕೊಟ್ಟ ಆ ಸೀರೆಯನ್ನು ನೇಯ್ದು ಮುಗಿಸಿದಾಗ, ನಾನು ಮಾತಾಡುವ ಹೊತ್ತಿಗೆ ಅವಳ ಕೈಯಲ್ಲಿದ್ದ ಕೊಂಡಿ ಯಾವುದೆಂದು ಬೆಳಕಿಗೆ ಹಿಡಿದು ಹುಡುಕಿದೆ. ಎಲ್ಲವೂ ಒಂದೇ ಸಮ ಇದ್ದವು.

ನನ್ನ ಫೋನು ಇನ್ನೂ ಅದೇ. ಯಾರಾದರೂ ಮೈಸೂರಿನ ಮಾತೆತ್ತಿದರೆ ಸಾಕು, ಸಂಜೆಗೆ ಅದರಲ್ಲಿ ಒಂದು ಪೊಲೀಸ್ ಜೀಪು ಬರುತ್ತದೆ.

ತಂಗಿ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾಳೆ, ಅವ್ವನ ಸಲುವಾಗಿ, ಕೂಸಿನ ಸಲುವಾಗಿ. ಅವಳ ಮುಖ ಕಾಣುವುದಿಲ್ಲ. ಕೂಸಿನ ಭುಜದ ಮೇಲೆ ಅವಳ ಕೈ ಕಾಣುತ್ತದೆ, ಬೆರಳ ತುದಿಯಲ್ಲಿ ರೇಷ್ಮೆ ಎಳೆ ಕೊಯ್ದ ಹಳೆಯ ಗೆರೆಗಳು. ಕೂಸು ಈಗ ಕೈಯಿಂದ ಬಹಳ ಮಾತಾಡುತ್ತದೆ. ನನಗೆ ಅರ್ಧ ತಿಳಿಯುವುದಿಲ್ಲ. ತಂಗಿ ಹಿಂದಿನಿಂದ ತಿಳಿಸುತ್ತಾಳೆ: "ನೀರ ಕುಡದಿ ಏನ ಅಂತ ಕೇಳಾಕತ್ತಾಳ", "ಅಜ್ಜಿ ಎಲ್ಲಿ ಅಂತ".

ಹೋದ ವಾರ ಕೂಸು ಅಂಗೈಯನ್ನು ಮುಂದೆ ಚಾಚಿ, ಗಾಳಿಯಲ್ಲಿ ಏನನ್ನೋ ಒತ್ತಿ ತೋರಿಸಿದಳು. ಇದು ನನಗೆ ಯಾರೂ ತಿಳಿಸದೆಯೇ ತಿಳಿಯಿತು. ಫೋನನ್ನು ಮಗ್ಗದ ಕಂಬಕ್ಕೆ ಆನಿಸಿಟ್ಟು ಕುಣಿಗೆ ಇಳಿದು ಹಲಗೆ ಬಡಿದೆ. ಪರದೆಯ ಆ ಕಡೆ ಅವಳ ಅಂಗೈ ಗಾಜಿಗೆ ಒತ್ತಿಕೊಂಡಿತು. ಗಾಜು ತುಂಬ ಅಂಗೈ. ನಾನು ಇನ್ನಷ್ಟು ಜೋರಾಗಿ ಬಡಿದೆ, ಕಂಬ ಅದುರುವ ಹಾಗೆ.

ಕೈ ತೆಗೆದು ಅವಳು ತನ್ನ ಅಂಗೈಯನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿ, ಇಲ್ಲ ಎಂದು ತಲೆಯಾಡಿಸಿದಳು.

"ಇಡ್ತೇನಿ, ಯಣ್ಣಾ," ಎಂದಳು ತಂಗಿ.